ಬಾಡಿಗೆ ದನಿಯ ಅಭ್ಯರ್ಥಿ

ನಮ್ಮೂರಿನಲ್ಲಿ ಭಾವನ ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ಹೇಳುವವರು ಅವರೇ. ಬಟ್ಟೆ ಅಂಗಡಿಯಲ್ಲಿ ಅರ್ಧ ಬೆಲೆಗೆ ಮಾರಾಟ ಎನ್ನುವವರೂ ಅವರೇ. ಕೆಂಪು ಅಂಗಿ ತೊಟ್ಟ ಮಗು ಬಸ್ ನಿಲ್ದಾಣದಲ್ಲಿ ಸಿಕ್ಕಿದೆ, ಹೆತ್ತವರು ಬಂದು ಕರೆದುಕೊಂಡು ಹೋಗಬೇಕು ಎನ್ನುವುದೂ, ಇಂಥವರು ತೀರಿಕೊಂಡರು ಎನ್ನುವುದೂ ಊರಿಗೆ ಮುಟ್ಟುತ್ತಿದ್ದದ್ದು ಅವರ ಬಾಯಿಂದಲೇ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಬ್ಬರಿಗೆ ಮತ ಕೇಳುತ್ತಿದ್ದರು, ಮಧ್ಯಾಹ್ನ ಊಟ ಮುಗಿಸಿ ಬಂದು ಅವರ ಎದುರಾಳಿಗೆ ಕೇಳುತ್ತಿದ್ದರು. ಊರವರು ಅವರಿಗೆ ಇಟ್ಟ ಹೆಸರು ಮೈಕಣ್ಣ. ನನ್ನ ಅಕ್ಕನ ಗಂಡ. ಅವರ ಮೈಕು ಹೊತ್ತ ಮೂರು ಚಕ್ರದ ಗಾಡಿ ಓಡಿಸುವವನು ನಾನು. ಗಾಡಿ ನಡುಬೀದಿಯಲ್ಲಿ ಕೈಕೊಟ್ಟಾಗ ಹಿಂದಿನವರಿಂದ ಬೈಸಿಕೊಳ್ಳುವವನೂ ತಿರುಗಿ ಬೈಯುವವನೂ ನಾನೇ. ಭಾವನಿಗೆ ಬೈಗುಳ ಬರುವುದಿಲ್ಲ.

ಇಂಥ ಮನುಷ್ಯ ಒಂದು ಸಲ ತಾವೇ ಚುನಾವಣೆಗೆ ನಿಂತರು. ಆ ಸಂಗತಿ ಊರಿನಲ್ಲಿ ಹತ್ತು ಬಗೆಯಾಗಿ ಓಡಾಡುತ್ತಿದೆ. ಹೇಳುವವರಲ್ಲಿ ಒಬ್ಬರೂ ಗಾಡಿಯೊಳಗೆ ಕೂತವರಲ್ಲ. ಕೂತಿದ್ದವನು ನಾನು, ಆದ್ದರಿಂದ ನನ್ನಿಂದ ಕೇಳಿ.

ಮೈಕಿಲ್ಲದಾಗ ಭಾವನ ದನಿ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಊಟದಲ್ಲಿ ಉಪ್ಪು ಕಡಿಮೆಯಾದರೆ ಅಕ್ಕ ತಾನಾಗಿ ಗಮನಿಸಬೇಕು, ಇಲ್ಲದಿದ್ದರೆ ಸಪ್ಪೆಯನ್ನೇ ಉಂಡು ಏಳುತ್ತಾರೆ. ಚಿಕ್ಕವರಿದ್ದಾಗಲೂ ಹಾಗೆಯೇ ಅಂತೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಇವರ ಉತ್ತರ ಮೇಷ್ಟರ ಮೇಜಿನ ತನಕ ಹೋಗದೆ, ಎದುರಿಗೇ ಕೂತು ಗೈರುಹಾಜರಾಗುತ್ತಿದ್ದರಂತೆ. ಓದು ತಲೆಗೆ ಹತ್ತಲಿಲ್ಲ. ಮೈಕು, ದೀಪ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ವೈರು ಸುತ್ತಿಡುವ ಕೆಲಸಕ್ಕೆ ಸೇರಿದರು. ಅಲ್ಲಿ ಅನೌನ್ಸ್ ಮಾಡುವ ಹಿರಿಯರೊಬ್ಬರಿದ್ದರು. ಒಂದು ದಿನ ಅವರ ಗಂಟಲು ಕಟ್ಟಿತು. ಗಾಡಿ ಹೊರಟು ನಿಂತಿದೆ, ಹೇಳುವವರಿಲ್ಲ. ವೈರು ಹಿಡಿದು ನಿಂತಿದ್ದ ಭಾವನ ಕೈಗೆ ಮೈಕು ಕೊಟ್ಟು, ಏನಾದರೂ ಹೇಳು ನೋಡೋಣ ಎಂದರಂತೆ. ಭಾವ ತಮ್ಮ ಅದೇ ಸಣ್ಣ ದನಿಯಲ್ಲಿ "ಹಲೋ" ಅಂದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ತಿರುಗಿ ನೋಡಿದರು. ಉಳಿದವರು ಮೈಕು ಸಿಕ್ಕಿತೆಂದರೆ ಗಂಟಲು ಹರಿಯುವಂತೆ ಕಿರುಚುತ್ತಾರೆ. ಇವರ ಮಾತು ಮಾತ್ರ ಮನೆಯೊಳಗೆ ಬಂದು ಪಕ್ಕದಲ್ಲಿ ಕೂತು ಹೇಳಿದ ಹಾಗಿರುತ್ತಿತ್ತು. ಜನ ಅವರನ್ನು ನಂಬುತ್ತಿದ್ದದ್ದು ಅದಕ್ಕೇ ಎಂದು ನನ್ನ ಲೆಕ್ಕ.

ಆ ಹಿರಿಯರು ಕಲಿಸಿದ್ದು ಒಂದೇ ಪಾಠ. ಮೈಕಿನ ಮುಂದೆ ಕೂತವನು ಅಲ್ಲಿ ಇರಬಾರದು. ಕೆಮ್ಮಬಾರದು, ನಗಬಾರದು, ತನಗೆ ಅನ್ನಿಸಿದ್ದನ್ನು ಆಡಬಾರದು, ತನ್ನ ವಿಷಯ ಎತ್ತಲೇಬಾರದು. ಕೊಟ್ಟ ಚೀಟಿ ಎರಡು ಸಲ ಓದು, ಮುಂದಿನ ಬೀದಿಗೆ ನಡೆ. ಎಲ್ಲಿಯೂ ಎದ್ದು ಕಾಣಲು ನಾಚುವ ಭಾವನಿಗೆ ಈ ಕಸುಬು ಹೇಳಿ ಮಾಡಿಸಿದ ಹಾಗಿತ್ತು. ಅವರ ತಾಯಿ ತೀರಿಕೊಂಡ ದಿನ ಬೇರೆ ಯಾರೂ ಸಿಗದೆ ತಾವೇ ಗಾಡಿ ಹತ್ತಿದರು. ನಾನು ಬೇಡವೆಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರು ಇಂದು ಬೆಳಿಗ್ಗೆ ನಿಧನರಾದರು, ಮೃತರಿಗೆ ಒಬ್ಬ ಮಗ ಇದ್ದಾರೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಕನ್ನಡಿಯಲ್ಲಿ ನೋಡಿದರೆ ಅಂಗಿಯ ಕೊರಳಪಟ್ಟಿ ಕಣ್ಣೀರಿನಿಂದ ಒದ್ದೆಯಾಗಿದೆ, ದನಿಯಲ್ಲಿ ಎಳ್ಳಷ್ಟೂ ನಡುಕವಿಲ್ಲ. ಮರುದಿನ ಮಾರುಕಟ್ಟೆ ಬೀದಿಯ ಟೀ ಅಂಗಡಿಯವನು, "ಮೈಕಣ್ಣ, ನಿನ್ನೆ ಯಾರೋ ಹೋಗ್ಬಿಟ್ರಂತಲ್ಲ, ಯಾರದು?" ಎಂದು ಇವರನ್ನೇ ಕೇಳಿದ. ನನಗೆ ಅವತ್ತು ಸಂಕಟವಾಯಿತು. ಭಾವ, "ನಮ್ಮ ಪೈಕಿಯವರು" ಎಂದು ಲೋಟ ಕೆಳಗಿಟ್ಟರು.

ಇನ್ನು ಕಾಲುವೆಯ ವಿಷಯ. ಊರಿನ ಅಂಚಿನಲ್ಲಿ ಕಾಲುವೆ ಹರಿಯುತ್ತದೆ. ಈಚೆ ದಡದಲ್ಲಿ ಒಂದು ಬೀದಿ. ಆಚೆ ದಡದಲ್ಲಿ ಶಾಲೆ, ಆಸ್ಪತ್ರೆ, ಕೆಲಸಕ್ಕೆ ಬಂದವರು ಇರುವ ಹಾಸ್ಟೆಲುಗಳು. ನಡುವೆ ಸೇತುವೆ ಇಲ್ಲ, ನೀರು ಸಾಗಿಸುವ ದಪ್ಪ ಪೈಪೊಂದು ಇದೆ. ದೊಡ್ಡ ರಸ್ತೆಯಲ್ಲಿ ಸುತ್ತಿಕೊಂಡು ಹೋಗಲು ಬೇಸತ್ತವರು ಕೈಗಳನ್ನು ಅಗಲಿಸಿಕೊಂಡು ಆ ಪೈಪಿನ ಮೇಲೆ ನಡೆದೇ ದಾಟುತ್ತಾರೆ. ಅಲ್ಲೊಂದು ಕಾಲುಸೇತುವೆ ಆಗುತ್ತದೆ ಎಂಬ ಸಾಲು ಪ್ರತಿ ಚುನಾವಣೆಯಲ್ಲೂ ಎಲ್ಲ ಅಭ್ಯರ್ಥಿಗಳ ಚೀಟಿಯಲ್ಲೂ ಇರುತ್ತಿತ್ತು. ಎಲ್ಲರ ಪರವಾಗಿಯೂ ಅದನ್ನು ಓದಿದ್ದು ನಮ್ಮ ಭಾವ.

ಆ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಕೆಂಡ ತುಂಬುವ ಹಳೆಯ ಇಸ್ತ್ರಿಪೆಟ್ಟಿಗೆ, ಕಾಲು ಅಲ್ಲಾಡುವ ಮೇಜು, ಮೇಲೆ ತಗಡಿನ ಮಾಡು. ಅವಳ ಗಿರಾಕಿಗಳೆಲ್ಲ ಆಚೆ ದಡದ ನರ್ಸುಗಳು, ಗುಮಾಸ್ತರು. ಬಟ್ಟೆಗಂಟು ತಲೆಯ ಮೇಲಿಟ್ಟುಕೊಂಡು ಅವಳೂ ಪೈಪಿನ ಮೇಲೆಯೇ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ನಾವು ನೀರು ಬರುವುದಿಲ್ಲವೆಂದು ಸಾರಲು ಆ ಬೀದಿಗೆ ಹೋದಾಗ, ಅವಳು ಗಾಡಿಗೆ ಅಡ್ಡ ಬಂದು ನಿಂತಳು. ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಯಲ್ಲಿ ಗಾಡಿಯ ಕಂಬಿ ಹಿಡಿದುಕೊಂಡು, "ಮೈಕಿನವನು ಯಾರು ಇಲ್ಲಿ?" ಎಂದಳು. ನಾನು ಹಿಂದಕ್ಕೆ ಬೆರಳು ತೋರಿಸಿದೆ.

"ಸೇತುವೆ ಆಗುತ್ತೆ ಅಂತ ಹೇಳಿದ್ದು ನೀನೇ ತಾನೆ?"

ಭಾವ ಮೈಕು ಆರಿಸಿ, "ಅದು ಅವರು ಬರೆದುಕೊಟ್ಟಿದ್ದು ಅಜ್ಜಿ. ನಾನು ಓದಿದ್ದಷ್ಟೇ" ಎಂದರು.

"ಬರೆದೋನು ಯಾರೋ ನಾನು ಕಾಣೆ. ಅವನು ನಮ್ಮ ಬೀದಿಗೆ ಕಾಲಿಟ್ಟೋನಲ್ಲ. ನನ್ನ ಕಿವಿಗೆ ಬಿದ್ದಿದ್ದು ನಿನ್ನ ದನಿ. ಆಚೆ ದಡದಲ್ಲಿ, ಆಸ್ಪತ್ರೆ ಗೋಡೆ ಪಕ್ಕದಲ್ಲಿ, ನಂಗೊಂದು ಕೋಣೆ ಬಾಡಿಗೆಗೆ ಕೊಡ್ತೀನಿ ಅಂತ ಒಬ್ರು ಅಂದಿದ್ರು. ಸೇತುವೆ ಹೇಗೂ ಆಗುತ್ತಲ್ಲ, ಇದ್ದ ಮನೆ ಯಾಕೆ ಬಿಡ್ಲಿ ಅಂತ ಇಲ್ಲೇ ಉಳ್ಕೊಂಡೆ. ಈಗ ಪೈಪಿಂದ ಬಿದ್ದು ಕೈ ಮುರ್ಕೊಂಡೆ." ಅವಳು ಉಸಿರು ತೆಗೆದುಕೊಂಡಳು. "ನೀರು ಬರಲ್ಲ ಅಂತ ನೀನಂದ್ರೆ ಬರಲ್ಲ. ಬರುತ್ತೆ ಅಂದ್ರೆ ಬರುತ್ತೆ. ಇದೊಂದನ್ನ ಮಾತ್ರ ಯಾಕಪ್ಪ ಸುಳ್ಳು ಹೇಳಿದೆ?"

ನನಗೆ ಪಿತ್ತ ನೆತ್ತಿಗೇರಿತು. "ಹೋಗಿ ಮೆಂಬರನ್ನ ಕೇಳಿ ಅಜ್ಜಿ, ಓದಿದೋರನ್ನ ಕೇಳಿದ್ರೆ ಏನು ಬಂತು?" ಎಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಉತ್ತರ ಬೇಕಾಗಿದ್ದದ್ದು ಭಾವನಿಂದ. ಅವಳು ಕಂಬಿ ಬಿಟ್ಟ ಮೇಲೆ ಭಾವ ಗಾಡಿ ತಿರುಗಿಸು ಎಂದು ಸನ್ನೆ ಮಾಡಿದರು. ಅವತ್ತು ಆ ಬೀದಿಗೆ ನೀರಿನ ಸುದ್ದಿಯನ್ನು ಅರ್ಧ ಹೇಳಿಯೇ ಬಂದದ್ದು.

ನಾಮಪತ್ರ ಸಲ್ಲಿಸುವ ದಿನಗಳು ಬಂದವು. ನಮ್ಮ ಪಾಲಿಗೆ ಚುನಾವಣೆಯೆಂದರೆ ಸುಗ್ಗಿ, ನಾನು ಗಾಡಿಗೆ ಬಣ್ಣ ಬಳಿದು ಸಜ್ಜಾಗಿದ್ದೆ. ಊಟಕ್ಕೆ ಕೂತಿದ್ದ ಭಾವ ತಟ್ಟೆ ನೋಡುತ್ತಲೇ, "ಈ ಸಲ ನಾನೇ ನಿಂತ್ಕೋತೀನಿ" ಎಂದರು. ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ಉಳಿಯಿತು.

"ಭಾವ, ನಿಮಗೇನು ತಲೆ ಕೆಟ್ಟಿದೆಯಾ? ನೀವು ಗೆಲ್ತೀರಾ?" ಎಂದೆ.

"ಗೆದ್ರೆ ಸೇತುವೆ ಮಾಡಿಸೋಕೆ ಓಡಾಡಬಹುದು."

"ಸೋತ್ರೆ?"

ಅವರು ಅನ್ನ ಕಲಸುತ್ತ ಯೋಚಿಸಿದರು. "ಆ ಅಜ್ಜಿ ಬೀದಿಗೆ ಹೋಗೋಕೆ ಮುಖ ಇಲ್ಲ ಕಣೋ. ಸೋತ್ರೂ ಹೋಗೋಹಾಗಾದ್ರೆ ಸಾಕು."

ಅಕ್ಕ ನನ್ನನ್ನೇ ಗದರಿದಳು. "ನಿಲ್ಲಲಿ ಬಿಡೋ. ಇಷ್ಟು ವರ್ಷ ಕಂಡಕಂಡೋರನ್ನೆಲ್ಲ ಹೊಗಳಿದಾರೆ. ತಮ್ಮನ್ನ ತಾವು ಹೊಗಳ್ಕೊಳ್ಳೋದು ಹ್ಯಾಗಿರುತ್ತೋ ನಾವೂ ಕೇಳೋಣ." ಅವಳು ನಗುತ್ತಲೇ ಹೇಳಿದಳು, ಆದರೆ ಗಂಡನ ತಟ್ಟೆಗೆ ಇನ್ನೊಂದು ಸೌಟು ಬಡಿಸುವಾಗ ಅವಳ ಕೈ ಮೃದುವಾಗಿತ್ತು.

ಎದುರಾಳಿ ನಮ್ಮ ವಾರ್ಡಿನ ಅದೇ ಹಳೆಯ ಮೆಂಬರು. ಮರದ ಡಿಪೋ ಇಟ್ಟವರು, ಬಿಳಿ ಅಂಗಿ, ಎಲ್ಲರ ಹೆಗಲ ಮೇಲೂ ಕೈ ಹಾಕುವ ಅಭ್ಯಾಸ. ಅವರ ಗುರುತು ಮೇಜು. ನಮಗೆ ಸಿಕ್ಕಿದ್ದು ಬಾಚಣಿಗೆ. ಭಾವನ ತಲೆಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ. ಚುನಾವಣಾ ಕಚೇರಿಯ ಗುಮಾಸ್ತ ಒಮ್ಮೆ ಗುರುತನ್ನೂ ಒಮ್ಮೆ ಭಾವನ ತಲೆಯನ್ನೂ ನೋಡಿ ತುಟಿ ಕಚ್ಚಿಕೊಂಡ.

ಮೊದಲ ದಿನ ಗಾಡಿ ಮಾರುಕಟ್ಟೆ ಬೀದಿಗೆ ಹೊರಟಿತು. ಭಾವ ಗಂಟಲಿಗೆ ಬಿಸಿನೀರು ಇಳಿಸಿ ಶುರು ಮಾಡಿದರು. "ಸರಳ ಸಜ್ಜನರೂ ಜನಪರ ಕಾಳಜಿಯುಳ್ಳವರೂ ಆದ ನಮ್ಮ ನೆಚ್ಚಿನ ಅಭ್ಯರ್ಥಿಯ ಬಾಚಣಿಗೆ ಗುರುತಿಗೆ ನಿಮ್ಮ ಅಮೂಲ್ಯವಾದ ಮತವನ್ನು ನೀಡಿ..." ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದ ಅದೇ ಸಾಲುಗಳು. ಟೀ ಅಂಗಡಿಯವನು ಲೋಟ ತೊಳೆಯುತ್ತ ಕೂಗಿದ, "ಈ ಸಲ ಯಾರ ಗಾಡಿ ಮೈಕಣ್ಣ?"

"ಬಾಚಣಿಗೆ ಗುರುತು."

"ಅದೇ, ಯಾರು ಅಂತ ಕೇಳಿದ್ದು."

ಭಾವ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ, "ಒಬ್ಬರು ಪಕ್ಷೇತರರು" ಎಂದರು.

ನಾನು ಗಾಡಿಯನ್ನು ಪಕ್ಕಕ್ಕೆ ಹಾಕಿ ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ನಾಮಪತ್ರ ಹಾಕಿದ್ದು ಯಾರು, ಗೋಡೆಗೆ ಅಂಟಿಸಿದ ಮುಖ ಯಾರದು, ಸುಗ್ಗಿ ಬಿಟ್ಟು ಬೀದಿ ಸುತ್ತುತ್ತಿರುವುದು ಯಾರಿಗಾಗಿ ಎಂದೆಲ್ಲ ಕೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ನಾಲಗೆ ಹೊರಳ್ತಿಲ್ಲ ಕಣೋ. ಗುಂಡಿ ಒತ್ತಿದ ಕೂಡಲೇ ನಾನು ಅಲ್ಲಿ ಇರೋದೇ ಇಲ್ಲ" ಎಂದರು. ಮತ್ತೆ ಪ್ರಯತ್ನಿಸಿದರು. ನಿಮ್ಮ ಮುಂದೆ ಮತ ಕೇಳುತ್ತಿರುವವನು ಎನ್ನುವವರೆಗೆ ಬಂದು, ಮೈಕು ಆರಿಸಿ, ನೀರು ಕುಡಿದರು. ಕೊನೆಗೆ ಮತ್ತೆ ಸರಳ ಸಜ್ಜನರಿಗೇ ಹೋದರು.

ಗೋಡೆಗೆ ಅಂಟಿಸಿದ ಮುಖವೂ ಕೆಲಸಕ್ಕೆ ಬರಲಿಲ್ಲ. ಇಷ್ಟು ವರ್ಷ ಗಾಡಿಯ ಒಳಗೆ, ಪರದೆಯ ಹಿಂದೆ ಕೂತಿದ್ದವರನ್ನು ಯಾರು ನೋಡಿರುತ್ತಾರೆ? ಹೊಲಿಗೆ ಅಂಗಡಿಯ ಹೆಂಗಸು ನಮ್ಮ ಕರಪತ್ರವನ್ನು ಅತ್ತ ಇತ್ತ ತಿರುಗಿಸಿ, "ಇವರಾ ಮೈಕಣ್ಣ? ನಾನು ಎತ್ತರವಾಗಿ, ದಪ್ಪ ಮೀಸೆ ಇರೋರು ಅಂದ್ಕೊಂಡಿದ್ದೆ" ಎಂದಳು. ಅವಳ ದನಿಯಲ್ಲಿ ನಿರಾಸೆಯೇ ಇತ್ತು. ಎದುರಿಗೇ ನಿಂತಿದ್ದ ಭಾವ ತಪ್ಪು ಮಾಡಿದವರಂತೆ ಕ್ಷಮಿಸಿ ಎಂದುಬಿಟ್ಟರು.

ನಿಜವಾದ ಪೆಟ್ಟು ಬಿದ್ದದ್ದು ಮಾರುಕಟ್ಟೆಯ ವೃತ್ತದಲ್ಲಿ. ನಾವು ಒಂದು ಬೀದಿಯಿಂದ ವೃತ್ತಕ್ಕೆ ಬರುವುದಕ್ಕೂ ಎದುರಿನ ಬೀದಿಯಿಂದ ಮೆಂಬರ ಗಾಡಿ ಬರುವುದಕ್ಕೂ ಸರಿಹೋಯಿತು. ಅದರೊಳಗಿಂದ ಭಾವನ ದನಿ ಬರುತ್ತಿತ್ತು. ಕಳೆದ ಚುನಾವಣೆಯಲ್ಲಿ ಮೆಂಬರು ಇವರನ್ನು ಕೂರಿಸಿ ದನಿಮುದ್ರಿಸಿಕೊಂಡಿದ್ದರು, ಅದನ್ನೇ ಈಗ ಹಾಕಿದ್ದರು. ನಮ್ಮ ಗಾಡಿಯ ಭಾವ ಬಾಚಣಿಗೆಗೆ ಕೊಡಿ ಎಂದರೆ ಆ ಗಾಡಿಯ ಭಾವ ಮೇಜಿಗೆ ಕೊಡಿ ಎಂದರು. ಇವರು ಸರಳ ಸಜ್ಜನರು ಎಂದರೆ ಅವರೂ ಸರಳ ಸಜ್ಜನರು ಎಂದರು. ಎರಡೂ ಅದೇ ಮಾತು, ಅದೇ ದನಿ, ಮನೆಯೊಳಗೆ ಬಂದು ಪಕ್ಕದಲ್ಲಿ ಕೂತು ಹೇಳುವ ಅದೇ ಬಗೆ. ತರಕಾರಿ ಮಾರುವವರು ತಕ್ಕಡಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾವ ಮೈಕಣ್ಣನ ಮಾತು ಕೇಳೋಣ ಮೈಕಣ್ಣ?" ಎಂದ ಒಬ್ಬ.

ಆಗ ಆ ಗಾಡಿಯಿಂದ ಸೇತುವೆಯ ಸಾಲು ಬಂತು. ಕಾಲುವೆಯ ಜನರ ಬಹುದಿನದ ಕನಸಾದ ಕಾಲುಸೇತುವೆಯನ್ನು ಈ ಬಾರಿ ನಿರ್ಮಿಸಿಯೇ ತೀರುತ್ತಾರೆ ಎಂದು ಭಾವನ ದನಿ ಭಾವನ ಮುಖಕ್ಕೇ ಹೇಳಿತು. ಅವರು ಏನಾದರೂ ತಿರುಗಿ ಹೇಳಲಿ ಎಂದು ನಾನು ಹಲ್ಲು ಕಚ್ಚಿ ಕಾದೆ. ಅವರು ಮೈಕು ಬಾಯಿಯ ಹತ್ತಿರ ತಂದರು, ಅಲ್ಲಿಯೇ ಹಿಡಿದುಕೊಂಡರು, ಕೆಳಗಿಳಿಸಿದರು. ಮೆಂಬರ ಗಾಡಿ ನಮ್ಮನ್ನು ಸುತ್ತಿ ಮುಂದೆ ಹೋಯಿತು. ದೂರದ ಬೀದಿಗಳಲ್ಲೂ ಆ ದನಿ ಬಹಳ ಹೊತ್ತು ಕೇಳುತ್ತಿತ್ತು. ನಾನು ಮನೆಗೆ ಬಂದು ಅಕ್ಕನ ಮೇಲೆ ರೇಗಿದೆ, ಅವಳದೇನೂ ತಪ್ಪಿರಲಿಲ್ಲ.

ಮರುದಿನದಿಂದ ಭಾವ ಗಾಡಿಯಲ್ಲಿ ಮೈಕು ಹಾಕಲಿಲ್ಲ. ಮನೆ ಮನೆಗೆ ನಡೆದೇ ಹೋದರು. ಬಾಗಿಲು ತಟ್ಟುವುದೂ ಅವರಿಗೆ ಸರಿಯಾಗಿ ಬಾರದು, ಒಳಗಿನವರಿಗೆ ಬೆಕ್ಕು ಕೆರೆದಂತೆ ಕೇಳಿಸುತ್ತಿತ್ತೇನೋ. ಬಾಗಿಲು ತೆರೆದವರು ಕಿವಿಯನ್ನು ಅವರ ಬಾಯಿಯ ಹತ್ತಿರ ತಂದು, "ಏನಂದ್ರಿ?" ಎನ್ನುತ್ತಿದ್ದರು. ಹಿಂದೆ ನಿಂತು ನಾನು, "ಬಾಚಣಿಗೆ ಅಂದ್ರು" ಎಂದು ಅರಚುತ್ತಿದ್ದೆ. ಮೈಕಿನಲ್ಲಿ ಹೇಳಿದರೆ ನಂಬುವವರಿಲ್ಲ, ಮೈಕಿಲ್ಲದೆ ಹೇಳಿದರೆ ಕೇಳಿಸುವುದಿಲ್ಲ. ಇಂಥ ಅಭ್ಯರ್ಥಿಯನ್ನು ಕಟ್ಟಿಕೊಂಡು ತಿರುಗಿದ ನನ್ನ ಪಾಡು ಯಾರಿಗೂ ಬೇಡ.

ಕಾಲುವೆ ಬೀದಿಗೆ ಹೋಗುವುದನ್ನು ಅವರು ದಿನ ದಿನಕ್ಕೂ ಮುಂದೂಡಿ ಕೊನೆಗೆ ಹೋದರು. ಅಜ್ಜಿ ಎಡಗೈಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬಲಗೈ ಪ್ಲಾಸ್ಟರು ಬಿಚ್ಚಿದ್ದರೂ ಸೊಟ್ಟಗೆ ಕೂಡಿಕೊಂಡಿತ್ತು. ಭಾವ ಕರಪತ್ರ ಕೊಡದೆ ಮೇಜಿನ ಎದುರು ನಿಂತರು.

"ನೀನು ಗೆದ್ರೆ ಸೇತುವೆ ಆಗುತ್ತಾ?" ಎಂದಳು ಅಜ್ಜಿ.

ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾವ ಅಭ್ಯರ್ಥಿಗೆ ಸಿಗುತ್ತದೆ? ಆಗುತ್ತೆ ಎಂದರೆ ಮುಗಿಯಿತು, ಇಡೀ ಬೀದಿ ಕಿವಿಯಾಗಿ ನಿಂತಿತ್ತು. ಭಾವ ಮಡಿಸಿಟ್ಟ ಬಟ್ಟೆಗಳನ್ನು ನೋಡುತ್ತ, "ಕೇಳ್ತೀನಿ ಅಜ್ಜಿ. ಓಡಾಡ್ತೀನಿ. ಆಗುತ್ತೋ ಇಲ್ವೋ ನಂಗೆ ಗೊತ್ತಿಲ್ಲ" ಎಂದರು.

ನಾನು ಹಣೆ ಹಣೆ ಚಚ್ಚಿಕೊಂಡೆ. ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಅವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಒಂದು ಅಂಗಿಯ ತೋಳಿನ ಮೇಲೆ ನೀರು ಚಿಮುಕಿಸಿ ಮತ್ತೆ ಇಸ್ತ್ರಿ ಎತ್ತಿಕೊಂಡಳು.

ಸೋತೆವು. ಗೆಲ್ಲುತ್ತೇವೆಂದು ಯಾರೂ ಅಂದುಕೊಂಡಿರಲಿಲ್ಲ. ಠೇವಣಿ ಹೋಯಿತು. ಬಿದ್ದ ಅಷ್ಟಿಷ್ಟು ಮತಗಳೂ ಚೂರು ಚೂರಾಗಿ ಅಲ್ಲಲ್ಲಿ ಬಿದ್ದಿದ್ದವು. ಕಾಲುವೆ ಬೀದಿಯವರು ಕೂಡ ಹೆಚ್ಚಾಗಿ ಮೇಜಿಗೇ ಒತ್ತಿದ್ದರು. ಸೇತುವೆ ಆಗಿಯೇ ತೀರುತ್ತದೆ ಎಂದ ಮೈಕಣ್ಣನನ್ನು ನಂಬಿ, ಗೊತ್ತಿಲ್ಲ ಎಂದ ಮೈಕಣ್ಣನನ್ನು ಬಿಟ್ಟರು. ಅವರನ್ನು ದೂರಲು ನನ್ನಿಂದ ಆಗಲಿಲ್ಲ.

ಎರಡು ದಿನ ಬಿಟ್ಟು ಮೆಂಬರು ಹೇಳಿಕಳಿಸಿದರು. ಗೆದ್ದವರು ವಾರ್ಡಿನಲ್ಲೆಲ್ಲ ಮೆರವಣಿಗೆ ಹೋಗಿ ಧನ್ಯವಾದ ಹೇಳುವುದು ರೂಢಿ, ಅದಕ್ಕೆ ಮೈಕಣ್ಣನೇ ಬೇಕಂತೆ. ಅವರ ಬಳಿ ಇದ್ದ ದನಿಮುದ್ರಿಕೆಯಲ್ಲಿ ಮತ ಕೇಳುವ ಮಾತು ಮಾತ್ರ ಇತ್ತು, ಧನ್ಯವಾದ ಇರಲಿಲ್ಲ. ಡಿಪೋಗೆ ಹೋದಾಗ ಭಾವನ ಹೆಗಲ ಮೇಲೆ ಕೈ ಹಾಕಿ, "ಆಟ ಮುಗೀತಲ್ಲ ಮೈಕಣ್ಣ, ಇನ್ನು ನಿನ್ನ ಕೆಲಸ ನೀನು ಮಾಡು. ನಂಗೇನೂ ಬ್ಯಾಸರ ಇಲ್ಲ" ಎಂದರು.

ಹೊರಗೆ ಬಂದವನೇ ನಾನು ಸಿಡಿದೆ. "ಸ್ವಲ್ಪನಾದ್ರೂ ಮಾನ ಬೇಡ್ವಾ ಭಾವ? ಅವರಿಗೆ ಜೈ ಅನ್ನೋಕೆ ಹೋಗ್ತೀರಾ?"

ಭಾವ ಕೈಯಲ್ಲಿದ್ದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಗಾಡಿ ಎಲ್ಲಾ ಬೀದಿಗೂ ಹೋಗುತ್ತಲ್ಲ" ಎಂದಷ್ಟೇ ಅಂದರು.

ಮೆರವಣಿಗೆ ಹೊರಟಿತು. ಮುಂದೆ ಮೆಂಬರು ಎರಡೂ ಬದಿಗೆ ಕೈ ಬೀಸುತ್ತ, ಅವರ ಸುತ್ತ ಅವರ ಕಡೆಯವರು, ಹಿಂದೆ ನಮ್ಮ ಗಾಡಿ. ಭಾವ ಚೀಟಿಯಲ್ಲಿದ್ದುದನ್ನು ಅಚ್ಚುಕಟ್ಟಾಗಿ ಓದುತ್ತಿದ್ದರು. ಪ್ರಚಂಡ ಬಹುಮತದಿಂದ ಆರಿಸಿದ ಮತದಾರ ಬಂಧುಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ಟೀ ಅಂಗಡಿಯವನು ತಲೆ ಅಲ್ಲಾಡಿಸಿ ನಕ್ಕ. ನನಗೆ ಗಾಡಿ ಬಿಟ್ಟು ಇಳಿದು ಓಡೋಣ ಅನ್ನಿಸಿತು. ಹೀಗೆ ಬೀದಿ ಬೀದಿ ದಾಟಿ ಕಾಲುವೆಯ ಹತ್ತಿರ ಬಂದೆವು. ಈ ಬೀದಿಗೆಂದು ಚೀಟಿಯ ಕೊನೆಯಲ್ಲಿ ಬೇರೆಯೇ ಒಂದು ಸಾಲು ಬರೆದಿದ್ದರು. ಅದು ಯಾವ ಸಾಲೆಂದು ಹೇಳಬೇಕಿಲ್ಲ.

ಭಾವ ಧನ್ಯವಾದಗಳವರೆಗೆ ಓದಿದರು. ಆಮೇಲೆ ನಿಂತರು. ಮೈಕು ಆರಿಸಿರಲಿಲ್ಲ, ಅವರ ಉಸಿರು ಬೀದಿಯ ತುಂಬ ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಅವರು ಮೈಕಿನಲ್ಲಿ ಕೆಮ್ಮಿದರು.

"ಕಾಲುವೆ ಬೀದಿಯ ಸಾರ್ವಜನಿಕರ ಗಮನಕ್ಕೆ" ಎಂದರು. ನೀರು ಬರುವುದಿಲ್ಲ ಎನ್ನುವಾಗಿನ ದನಿ ಅದು. ಮನೆಗಳಿಂದ ಜನ ಬಾಗಿಲಿಗೆ ಬಂದರು. "ಇಲ್ಲಿ ಸೇತುವೆ ಇಲ್ಲ. ಯಾವಾಗ ಆಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆಗುತ್ತದೆ ಎಂದು ಇಷ್ಟು ವರ್ಷ ನಿಮಗೆ ಹೇಳಿದವನು ನಾನು. ಈಗಲೂ ಅದೇ ಸಾಲನ್ನು ಬರೆದುಕೊಟ್ಟಿದ್ದಾರೆ, ನಾನು ಓದುವುದಿಲ್ಲ. ಸೇತುವೆ ಬರುತ್ತದೆ ಎಂದು ಕಾದು ಪೈಪಿನ ಮೇಲೆ ನಡೆಯಬೇಡಿ. ದೊಡ್ಡ ರಸ್ತೆಯಲ್ಲಿ ಸುತ್ತಿಕೊಂಡು ಹೋಗಿ."

ಮೆಂಬರ ಕೈ ಬೀಸುತ್ತಿದ್ದದ್ದು ಬೀಸುತ್ತಿದ್ದಲ್ಲೇ ನಿಂತಿತು. ಅವರ ಕಡೆಯವನೊಬ್ಬ ಓಡಿ ಬಂದು ಬ್ಯಾಟರಿಯ ವೈರಿಗೆ ಕೈ ಹಾಕಿದ. ನಾನು ಇಳಿದು ಅವನ ಮಣಿಕಟ್ಟು ಹಿಡಿದೆ. "ನನ್ನ ಗಾಡಿ ವೈರು ಮುಟ್ಟಿದ್ರೆ ಕೈ ಮುರೀತೀನಿ" ಎಂದೆ. ಅಷ್ಟು ದಿನ ಒಳಗೇ ಕುದಿಯುತ್ತಿದ್ದದ್ದು ಅವತ್ತು ಕೆಲಸಕ್ಕೆ ಬಂತು. ಭಾವ ಆ ಮಾತನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಂದು ಸಲ ಹೇಳಿದರು, ಸಾರುವುದನ್ನು ಎರಡೆರಡು ಸಲ ಹೇಳಬೇಕೆಂದು ಆ ಹಿರಿಯರು ಕಲಿಸಿದ್ದರಲ್ಲ, ಹಾಗೆ. ಆಮೇಲೆ ಮೈಕು ಆರಿಸಿದರು. ಮೆರವಣಿಗೆ ನಮ್ಮನ್ನು ಬಿಟ್ಟು ಬೇರೆ ದಾರಿ ಹಿಡಿದು ಹೋಯಿತು.

ಬೀದಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಮುಖ ಮುಖ ನೋಡಿಕೊಂಡು ಒಳಗೆ ಹೋದರು. ಇಸ್ತ್ರಿ ಅಜ್ಜಿ ಮಾತ್ರ ಗಾಡಿಯ ಹತ್ತಿರ ಬಂದು ಮತ್ತೆ ಅದೇ ಕಂಬಿ ಹಿಡಿದುಕೊಂಡಳು.

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದಳು. "ಆವಾಗ್ಲೇ ಹೇಳಿದ್ರೆ ಆ ಕೋಣೆ ನಂದಾಗ್ತಿತ್ತು. ನನ್ನ ಕೈಯೂ ನೆಟ್ಟಗಿರ್ತಿತ್ತು."

ಭಾವ "ಹೌದು ಅಜ್ಜಿ" ಎಂದರು. ಅವರ ಕಣ್ಣು ತುಂಬಿತ್ತು. ಆ ಸಲ ದನಿಯೂ ನಡುಗಿತು.

ಅಜ್ಜಿ ಕಂಬಿ ಬಿಡಲಿಲ್ಲ. "ಆ ಕೋಣೆ ಬೇರೆಯವರ ಪಾಲಾಯ್ತು. ಅದರ ಹಿಂದೆ ಇನ್ನೊಂದು ಚಿಕ್ಕದು ಖಾಲಿ ಇದೆಯಂತೆ. ನಾಳೆ ನಿನ್ನ ಗಾಡಿ ಪುರುಸೊತ್ತಾಗಿದೆಯಾ?"

"ಇನ್ನು ಮೇಲೆ ಪುರುಸೊತ್ತೇ ಅಜ್ಜಿ" ಎಂದೆ ನಾನು.

ಮರುದಿನ ಬೆಳಿಗ್ಗೆ ಅವಳ ಮೇಜು, ತಗಡು, ಇಸ್ತ್ರಿಪೆಟ್ಟಿಗೆ, ಪಾತ್ರೆಗಳ ಗಂಟು ಎಲ್ಲವನ್ನೂ ಹೇರಿಕೊಂಡು ದೊಡ್ಡ ರಸ್ತೆಯಲ್ಲಿ ಸುತ್ತಿ ಹೋದೆವು. ಅಜ್ಜಿ ನನ್ನ ಪಕ್ಕದಲ್ಲಿ ಕೂತು ಹಳ್ಳ ಬಂದಾಗಲೆಲ್ಲ ನನಗೆ ಬೈದಳು. ಭಾವ ಹಿಂದೆ ಮೇಜಿನ ಅಲ್ಲಾಡುವ ಕಾಲನ್ನು ಹಿಡಿದುಕೊಂಡು ಕೂತಿದ್ದರು. ಆಸ್ಪತ್ರೆಯ ಗೋಡೆಯ ಪಕ್ಕದಲ್ಲಿ ಮೇಜಿಟ್ಟು, ಅಲ್ಲಾಡುವ ಕಾಲಿನ ಕೆಳಗೆ ಕಲ್ಲು ಕೊಟ್ಟು, ತಗಡು ಕಟ್ಟಿದೆವು. ಅಜ್ಜಿ ಕೆಂಡ ಹೊತ್ತಿಸಿ ಸುತ್ತ ನೋಡಿದಳು. ಯಾರೂ ಬರಲಿಲ್ಲ. "ನಾನು ಇಲ್ಲಿಗೆ ಬಂದಿದೀನಿ ಅಂತ ಜನಕ್ಕೆ ಹ್ಯಾಗೆ ಗೊತ್ತಾಗಬೇಕು? ಹೇಳು ಮತ್ತೆ" ಎಂದಳು ಭಾವನಿಗೆ.

ಭಾವ ಮೈಕು ಕೈಗೆ ತೆಗೆದುಕೊಂಡರು. ಪರದೆ ಸರಿಸಿ ಗಾಡಿಯಿಂದ ಇಳಿದು, ವೈರನ್ನು ಎಳೆದುಕೊಂಡು ಅಜ್ಜಿಯ ಮೇಜಿನ ಪಕ್ಕಕ್ಕೆ ಬಂದು ನಿಂತರು. "ಸಾರ್ವಜನಿಕರ ಗಮನಕ್ಕೆ" ಎಂದರು. "ಕಾಲುವೆ ಬೀದಿಯ ಇಸ್ತ್ರಿ ಅಂಗಡಿ ಈ ದಡಕ್ಕೆ ಬಂದಿದೆ. ಆಸ್ಪತ್ರೆ ಗೋಡೆಯ ಪಕ್ಕದಲ್ಲಿದೆ." ಸ್ವಲ್ಪ ತಡೆದು ಮುಂದುವರಿಸಿದರು. "ಚೀಟಿ ನೋಡಿ ಹೇಳುತ್ತಿಲ್ಲ. ಮೇಜನ್ನು ನಾನೇ ತಂದಿಟ್ಟಿದ್ದೇನೆ."

ಆಸ್ಪತ್ರೆಯ ಕಿಟಕಿಯಿಂದ ಒಬ್ಬ ನರ್ಸು ಹೊರಗೆ ಇಣುಕಿದಳು. ಸ್ವಲ್ಪ ಹೊತ್ತಿಗೆ ಬಟ್ಟೆಗಂಟು ಹಿಡಿದು ಕೆಳಗಿಳಿದು ಬಂದಳು.